ಶೇವಂತಿಬಾಯಿಯ ಪ್ಲೇಟು

ಹಾಡು ಮುಗಿಯುವುದಕ್ಕೂ ಕೆಂಚಪ್ಪನ ಕೈ ಗ್ರಾಮಫೋನಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಮುಳ್ಳನ್ನು ಎತ್ತಿಯೇಬಿಟ್ಟ. ಪ್ಲೇಟಿನ ಮೇಲೆ ಇನ್ನೂ ಬೆರಳಗಲ ಗೆರೆ ಉಳಿದಿದ್ದನ್ನು ಮುರಿಗೆಪ್ಪ ಇವತ್ತು ಕಣ್ಣಾರೆ ಕಂಡ.

"ಕಾಕಾ, ಪೂರಾ ಯಾಕ ಬಿಡೂದಿಲ್ಲ ನೀವು?"

"ಕಡೀಕ ಸೀಳೈತಿ. ಮುಳ್ಳು ಹಾಳಾಗತೈತಿ," ಎಂದು ಕೆಂಚಪ್ಪ ಚಹಾದ ಒಲೆಯ ಕಡೆ ತಿರುಗಿದ.

ಗೋಕಾಕದ ಪೇಟೆಯಲ್ಲಿ ಕೆಂಚಪ್ಪನ ಚಹಾ ಅಷ್ಟಕ್ಕಷ್ಟೆ. ಜನ ಬರುತ್ತಿದ್ದುದು ಆ ಪ್ಲೇಟಿಗೆ. ನಡುವೆ ಅಂಟಿಸಿದ್ದ ಹೆಸರಿನ ಕಾಗದ ಎಂದೋ ಕಿತ್ತುಹೋಗಿತ್ತು. ಗೆದ್ದಲು ತಿಂದಿತೆಂದು ಕೆಂಚಪ್ಪ ಹೇಳುತ್ತಿದ್ದ. ಗೆದ್ದಲಿನ ಕೈಯಲ್ಲಿ ಚಾಕು ಇತ್ತೇನೋ ಎಂದು ಬಳೆಗಾರ ಮೆಹಬೂಬ ಗೊಣಗುತ್ತಿದ್ದ. ಹಾಡಿನಲ್ಲಿ ಒಬ್ಬಳು ಶೇವಂತಿಗೆ ಮುಡಿದು ಗೆಣೆಯನ ದಾರಿ ಕಾಯುತ್ತಾಳೆ. ಹಾಗಾಗಿ ಹಾಡಿದವಳಿಗೂ ಜನರೇ ಶೇವಂತಿಬಾಯಿ ಎಂದು ಹೆಸರಿಟ್ಟರು.

ಅವಳನ್ನು ಯಾರೂ ನೋಡಿರಲಿಲ್ಲ, ಆದ್ದರಿಂದ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಯಾವನೋ ನಂಬಿಸಿ ಕೈಬಿಟ್ಟ, ಪಾಪ, ಜಲಪಾತಕ್ಕೆ ಹಾರಿಕೊಂಡಳು ಎಂದು ಮೆಹಬೂಬ ಹೇಳುತ್ತಿದ್ದ. ಇಲ್ಲ, ಎಲ್ಲೋ ಬದುಕಿದ್ದಾಳೆ, ಅಳುತ್ತಿದ್ದಾಳೆ ಎಂದು ಮುರಿಗೆಪ್ಪ. ಎರಡನೇ ನುಡಿಯಲ್ಲಿ ಅವಳು ಒಮ್ಮೆ ಬಿಕ್ಕುತ್ತಾಳಲ್ಲ, ಇಬ್ಬರಿಗೂ ಅದೇ ಸಾಕ್ಷಿ.

ಒಪ್ಪದವನು ಒಬ್ಬನೇ, ಬಟ್ಟೆ ಅಂಗಡಿಯ ರಾಚಪ್ಪ. ಹುಕ್ಕೇರಿಯಿಂದ ಬಂದು ಇಲ್ಲಿ ನೆಲೆಸಿದವನು. ಪೊದೆ ಮೀಸೆ, ಹಸಿ ಕಟ್ಟಿಗೆ ಕೊಯ್ದಂಥ ಗೊಗ್ಗರು ದನಿ. ಸೀರೆಯನ್ನು ತನ್ನ ಮೈಮೇಲೇ ಹಾಕಿ ನಿರಿಗೆ ಹಿಡಿದು ತೋರಿಸುತ್ತಿದ್ದ. ಆ ನಿರಿಗೆ ನೋಡಲೆಂದೇ ಅರಭಾವಿಯ ಹೆಂಗಸರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಒಂದು ದಿನವೂ ಹಾಡು ತಪ್ಪಿಸಿದವನಲ್ಲ, ಒಂದು ದಿನವೂ ಹೊಗಳಿದವನಲ್ಲ.

"ಅದು ಅಳು ಅಲ್ರೋ. ಉಸಿರು ಸಾಲಿಲ್ಲ, ಅಷ್ಟ. ಮುಂಜಾನಿಂದ ಉಂಡಿರಲಿಕ್ಕಿಲ್ಲ."

"ಆ ದನಿ ಇಟಗೊಂಡು ಹಾಡಿನ ಮಾತು ಆಡಬ್ಯಾಡ್ರಿ ರಾಚಪ್ಪಣ್ಣಾ," ಎಂದ ಮೆಹಬೂಬ. "ಹೊರಗ ಎಮ್ಮಿ ಬೆದರತಾವ."

ಎಲ್ಲರೂ ನಕ್ಕರು. ಎಲ್ಲರಿಗಿಂತ ತಡವಾಗಿ ರಾಚಪ್ಪನೂ ನಕ್ಕ.

ಆದರೆ ಮುರಿಗೆಪ್ಪನ ಮನೆಯಲ್ಲಿ ಇದು ನಗೆಯ ಮಾತಾಗಿರಲಿಲ್ಲ. ಸೋಮವಾರ ಕೌಜಲಗಿಯಿಂದ ಹೆಣ್ಣಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಶೇವಂತಿಬಾಯಿ ಏನಾದಳೆಂದು ತಿಳಿಯುವವರೆಗೆ ತನಗೆ ಮದುವೆ ಬೇಡ, ಬದುಕಿದ್ದರೆ ಅವಳನ್ನೇ ಕರೆತರುತ್ತೇನೆ ಎಂದು ಹುಡುಗ ಹಟ ಹಿಡಿದು ಕೂತಿದ್ದ. ಇದ್ದರೂ ಅವಳು ನಿನಗಿಂತ ಹಿರಿಯಳಾದಾಳು ಎಂದು ತಾಯಿ ಶಿವವ್ವ ಬೈದು ನೋಡಿದಳು, ಊಟ ಬಿಟ್ಟು ನೋಡಿದಳು. ಕೊನೆಗೆ ಸೊಸೆಗೆಂದು ಆರಿಸಿದ್ದ ಸೀರೆಯನ್ನು ರಾಚಪ್ಪನ ಅಂಗಡಿಗೆ ಹಿಂದಿರುಗಿಸಲು ಹೋಗಿ, ಅಲ್ಲೇ ಕೂತು ಅತ್ತಳು. ರಾಚಪ್ಪ ಎಲ್ಲ ಕೇಳಿಸಿಕೊಂಡ. ಸೀರೆಯನ್ನು ಮೆಲ್ಲಗೆ ಮಡಚುತ್ತ ಒಂದೇ ಮಾತು ಕೇಳಿದ:

"ಹುಡಿಗಿ ಛಲೋ ಅದಾಳೇನ್ರಿ ಅವ್ವಾರ?"

"ಬಂಗಾರಂಥಾಕಿ," ಎಂದಳು ಶಿವವ್ವ.

ರಾಚಪ್ಪ ಸೀರೆಯನ್ನು ಕಪಾಟಿನಲ್ಲಿ ಇಡಲಿಲ್ಲ. ಬೇರೆ ತೆಗೆದಿಟ್ಟ.

ಇತ್ತ ಮುರಿಗೆಪ್ಪ ಬೆಳಗಾವಿಯ ಸೋದರಮಾವನ ಮನೆಗೆ ಹೋಗಿಬಂದ. ಬರುವಾಗ ಎರಡು ಸುದ್ದಿ ತಂದ. ಒಂದು: ಹಳೇ ಪ್ಲೇಟುಗಳಲ್ಲಿ ಹಾಡು ಮುಗಿದ ಕೂಡಲೆ ಹಾಡಿದವರು ತಮ್ಮ ಹೆಸರು ತಾವೇ ಹೇಳುತ್ತಾರೆ. ದೂರದೇಶದಲ್ಲಿ ಪ್ಲೇಟು ಒತ್ತುವವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ. ಎರಡು: ಕೆಂಚಪ್ಪ ಹರೆಯದಲ್ಲಿ ಒಂದು ನಾಟಕ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದ.

ನಂಬಿಸಿ ಕೈಬಿಟ್ಟವನು ಯಾರೆಂದು ಮುರಿಗೆಪ್ಪನಿಗೆ ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ಸಂಜೆ ಅಂಗಡಿ ತುಂಬಿದಾಗ ಅವನು ಎದ್ದು ನಿಂತ. "ಆಕೀನ ಹಾಳ ಮಾಡಿದವರು ನೀವ ಹೌದಿಲ್ಲೋ, ಕಾಕಾ?"

ಕೆಂಚಪ್ಪ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸಿಟ್ಟ. "ಯಾರೂ ಹಾಳ ಮಾಡಿಲ್ಲೋ ತಮ್ಮಾ. ಒಂದ ಮಳಿಗಾಲದಾಗ ದನಿ ಹೋತು. ಕಂಪನಿಯವರು ಹೊರಗ ಹಾಕಿದ್ರು. ಅದರ ಮ್ಯಾಲೆ ಯಾರೂ ಹಾಡಂತ ಕೇಳಲಿಲ್ಲ."

"ಹಂಗಾರ ಹೆಸರು ಯಾಕ ಮುಚ್ಚತೀರಿ?"

"ಮಾತು ಕೊಟ್ಟೇನಿ."

"ಯಾರಿಗೆ?"

ಕೆಂಚಪ್ಪ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದ. ಅಂಗಡಿಯಲ್ಲಿ ಗುಸುಗುಸು ಎದ್ದಿತು. ಸತ್ತವಳಿಗೆ ಕೊಟ್ಟ ಮಾತು ಎಂದು ಮೆಹಬೂಬ ಪಕ್ಕದವನ ಕಿವಿಯಲ್ಲಿ ಹೇಳಿದ.

ಮುರಿಗೆಪ್ಪ ತಾನೇ ಕೀಲಿ ಕೊಟ್ಟು ಮುಳ್ಳು ಇಟ್ಟ. ಆ ಎಳೆಯ ದನಿ ಅಂಗಡಿಯ ಹೊಗೆಯ ನಡುವೆ ಏರಿತು. ಎರಡನೇ ನುಡಿಯಲ್ಲಿ ಬಿಕ್ಕು ಬಂತು, ಮೆಹಬೂಬ ಕಣ್ಣೊರೆಸಿಕೊಂಡ. ಮೂಲೆಯಲ್ಲಿ ರಾಚಪ್ಪ ಕಣ್ಣು ಮುಚ್ಚಿ ಕೂತಿದ್ದ.

ಹಾಡು ಮುಗಿಯಿತು. ಕೆಂಚಪ್ಪನ ಕೈ ರೂಢಿಯಂತೆ ಮುಂದೆ ಹೋಯಿತು. ಆದರೆ ಅದಕ್ಕೂ ಮೊದಲು ಯಾರೋ ಅವನ ಮಣಿಕಟ್ಟು ಹಿಡಿದಿದ್ದರು. ಮುರಿಗೆಪ್ಪನಲ್ಲ, ರಾಚಪ್ಪ.

"ಬಿಡು ಕೆಂಚಾ," ಎಂದ ಅವನು, ತನ್ನ ಗೊಗ್ಗರು ದನಿಯಲ್ಲಿ. "ಸೋಮವಾರ ಮಂದಿ ಬರಾವ್ರದಾರ. ಹುಡುಗನ ಸಂಸಾರ ನಿಂತೈತಿ."

ಮುಳ್ಳು ಉಳಿದ ಗೆರೆಯ ಮೇಲೆ ಕರಕರ ಓಡಿತು. ಆಮೇಲೆ ಅದೇ ಜೇನಿನಂಥ ದನಿ, ಏದುಸಿರು ಬಿಡುತ್ತ, ಹಾಡಿ ಗೆದ್ದ ಸಂತೋಷದಲ್ಲಿ ಒಂದೇ ಉಸಿರಿಗೆ ಹೇಳಿತು:

"ನಾ ಹುಕ್ಕೇರಿ ಮಾಸ್ತರ ರಾಚಪ್ಪ, ನಾಯಕಿ ಪಾರ್ಟ್ ಮಾಡಾಂವ."