ಗಟ್ಟಿಯಾಗುವ ಕೆರೆ

ಮೊಮ್ಮಕ್ಕಳೇ, ಅನಘಾ, ನಿಹಾಲ್, ಇಂದು ಬೆಳಿಗ್ಗೆ ನಿಮ್ಮ ಈ ಚಳಿನಾಡಿನ ಕ್ವೀನ್ಸ್‌ಬರಿ ಪಾರ್ಕಿನ ಹೆಪ್ಪುಗಟ್ಟಿದ ಕೊಳದಿಂದ ನೀವು ತಂದ ಮಂಜುಗಡ್ಡೆಯ ಚೂರು ನನ್ನ ಅಂಗೈಯಲ್ಲಿ ಕರಗಿದಾಗಿನಿಂದ ನನ್ನ ಅವ್ವನ ನೆನಪು ಬಿಡುತ್ತಿಲ್ಲ.

ನನ್ನ ತಮ್ಮ ಸೀನ ನಮ್ಮೂರ ಕೆರೆಯಲ್ಲಿ ಮುಳುಗಿಹೋದ ವರ್ಷ ಅದು. ಶಾಲೆಯಲ್ಲಿ ಮೇಷ್ಟ್ರು ಅಮೆರಿಕದ ದೊಡ್ಡ ಸರೋವರಗಳ ಪಾಠ ಮಾಡಿದ್ದರು. ಮಧ್ಯಾಹ್ನ ಮನೆಗೆ ಓಡಿಬಂದು, ರಾಗಿ ಕೇರುತ್ತಿದ್ದ ಅವ್ವನಿಗೆ ಹೇಳಿದೆ.

“ಅವ್ವ, ಅಲ್ಲಿ ನಾಲ್ಕು ಕಾಲವಂತೆ. ಚಳಿಗಾಲದಲ್ಲಿ ಕೆರೆನೀರು ಕಲ್ಲಿನಂಗೆ ಗಟ್ಟಿಯಾಗ್ತದಂತೆ. ಜನ ಅದರ ಮ್ಯಾಲೆ ನಡೀತಾರಂತೆ.”

ಜಗಲಿಯಲ್ಲಿದ್ದ ಅಜ್ಜಿ ನಕ್ಕಳು. “ನಿಮ್ಮ ಮೇಷ್ಟ್ರು ಕುಡಿದು ಬಂದಿದ್ನೇನೇ?”

ಅವ್ವ ನಗಲಿಲ್ಲ. ಮೊರ ಹಿಡಿದ ಕೈ ನಿಂತಿತು. ಸೀನ ಹೋದಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

“ಮಕ್ಕಳು ನಡೆದ್ರೂ ಮುಳುಗಲ್ವಾ?”

“ಇಲ್ಲ ಕಣವ್ವ.”

“ಬ್ಯಾಸ್ಗೆ ಬಂದ್ರೆ?”

ನನಗೆ ಸುಳ್ಳು ಹೇಳಲು ತೋಚಲಿಲ್ಲ. “ಮತ್ತೆ ನೀರಾಗ್ತದೆ.”

“ಹಂಗಾದ್ರೆ ಅಲ್ಲೂ ಅಷ್ಟೇ ಬಿಡು,” ಎಂದಳು. ಮೊರ ಮತ್ತೆ ಆಡತೊಡಗಿತು. ಹೊಟ್ಟು ಹಾರಿ ಅವಳ ರೆಪ್ಪೆಗಳ ಮೇಲೆ ಕೂರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಅವಳು ನನ್ನನ್ನು ಯಾವ ಪಾಠದ ಬಗ್ಗೆಯೂ ಕೇಳಲಿಲ್ಲ.

ಸೀನನದು ಒಂದು ಫೋಟೋ ಕೂಡ ಇಲ್ಲ. ಅವನ ಹೆಸರು ಉಳಿದಿರುವುದು ನಾನು ಬರೆಯುತ್ತಿರುವ ಈ ಹಾಳೆಗಳಲ್ಲಿ ಮಾತ್ರ. ನಿಮಗೆ ಕನ್ನಡ ಓದಲು ಬರದಿದ್ದರೂ ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.