ಬೇರೆ ಬೆಳೆ

ಭಾವ ಗೋಧಿಯ ತೆನೆಯೊಂದನ್ನು ಕಿತ್ತು ಅಂಗೈಗಳ ನಡುವೆ ಉಜ್ಜಿ ಊದಿದ. ಹೊಟ್ಟು ಹಾರಿತು. ಅಂಗೈಯಲ್ಲಿ ಒಂದು ಕಾಳೂ ಉಳಿಯಲಿಲ್ಲ. ಇನ್ನೊಂದು ಕಿತ್ತ, ಊದಿದ. ಅದೂ ಜೊಳ್ಳು. ಮೂರನೆಯದಕ್ಕೆ ಕೈ ಚಾಚಿದವನು ಹಿಂದೆಗೆದು ನಾದಿನಿಯ ಮುಖ ನೋಡಿದ.

"ಏನು ಡಾಕ್ಟ್ರೇ ಇದು? ಸುತ್ತ ಹಸಿರು, ನಡುನಡುವೆ ಇವು ಮಾತ್ರ ಸುಣ್ಣ ಬಳಿದ ಹಾಗೆ ನಿಂತಿವೆ. ನೀರು ಸಾಲಲಿಲ್ಲ ಅನ್ನೋಣ ಅಂದ್ರೆ ಎಲ್ಲದಕ್ಕೂ ಬಿಟ್ಟಿದ್ದು ಒಂದೇ ನೀರು."

ಅವಳು ಮನುಷ್ಯರ ಡಾಕ್ಟರಲ್ಲ. ಬೆಳೆಗಳ ರೋಗ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಭಾವ ಮೊದಮೊದಲು ತಮಾಷೆಗೆ ಹಾಗೆ ಕರೆಯುತ್ತಿದ್ದ. ಬರಬರುತ್ತ ಅದರಲ್ಲಿ ತಮಾಷೆ ಹೋಗಿ ಹೆಮ್ಮೆ ಸೇರಿತ್ತು. ಬೆಳಿಗ್ಗೆ ಅವನ ಫೋನು ಬಂದಾಗ ದನಿಯಲ್ಲಿ ಎರಡೂ ಇರಲಿಲ್ಲವೆಂದೇ ಅವಳು ಕುಡಿಯುತ್ತಿದ್ದ ಚಹಾ ಬಿಟ್ಟು ಬಸ್ಸು ಹತ್ತಿದ್ದಳು.

ಮಂಡಿಯೂರಿ ಕೂತು ಬಿಳಿ ತೆನೆಯ ಗಿಡವೊಂದನ್ನು ಬೇರುಸಮೇತ ಎತ್ತಿದಳು. ಮಣ್ಣು ಕೊಡವಿ, ಬುಡಕ್ಕೆ ಅಂಟಿದ್ದ ಎಲೆಯ ಪೊರೆಯನ್ನು ಉಗುರಿನಿಂದ ಸುಲಿದಳು. ಒಳಗಿನ ದಂಟು ಹಳೆಯ ಜೇನಿನ ಹಾಗೆ ಕಂದಾಗಿತ್ತು. ಗಂಟಿನ ಸುತ್ತ ನಸುಗೆಂಪು ಬೂಷ್ಟು. ಅನುಮಾನ ಬಂದು ಪಕ್ಕದ ಹಸಿರು ಗಿಡವನ್ನೂ ಕಿತ್ತು ಸುಲಿದಳು. ಅದರ ಬುಡವೂ ಕಂದು. ಇನ್ನೂ ನಾಲ್ಕು ಕಿತ್ತಳು. ಒಂದೂ ನೆಟ್ಟಗಿರಲಿಲ್ಲ.

"ಬುಡ ಕೊಳೆ ರೋಗ ಭಾವ. ಬೂಷ್ಟು ಬುಡದಲ್ಲಿ ಕೂತು ಕತ್ತು ಹಿಸುಕಿದೆ. ಕಾಳು ತುಂಬೋ ಹೊತ್ತಿಗೆ ತೆನೆಗೆ ನೀರೇ ಏರಿಲ್ಲ."

"ಔಷಧಿ ಬರ್ಕೊಡು, ಇವತ್ತೇ ಹೊಡೀತೀನಿ."

"ಈಗ ಹೊಡೆಯೋಕೆ ಔಷಧಿ ಇಲ್ಲ."

ಅವನು ನಕ್ಕ. ಅವಳು ನಗದಿದ್ದುದನ್ನು ಕಂಡು ನಗು ಅರ್ಧಕ್ಕೇ ನಿಂತಿತು.

"ಹೋದ ವರ್ಷ ಇಲ್ಲಿ ಏನು ಹಾಕಿದ್ರಿ?"

"ಬಾರ್ಲಿ. ನೀನು ಹೇಳಿದ ಹಾಗೇ."

"ನಾನು ಹೇಳಿದ ಹಾಗೆ?"

"ಮರೆತ್ಯಾ? ಅದರ ಹಿಂದಿನ ವರ್ಷ, ಗೋಧಿ ಇದ್ದಾಗ, ಅಕ್ಕನಿಗೆ ಜ್ವರ ಅಂತ ನೀನು ನೋಡೋಕೆ ಬಂದಿದ್ದೆ. ಹೊರಡೋವಾಗ ಇಲ್ಲೇ ಬದುವಿನ ಮೇಲೆ ನಿಂತು, ಒಂದೆರಡು ಬಿಳಿ ತೆನೆ ತೋರಿಸಿ, 'ಮುಂದಿನ ಸಲ ಬೇರೆ ಬೆಳೆ ಹಾಕಿ ಭಾವ' ಅಂದೆ. ಅಷ್ಟರಲ್ಲಿ ಬಸ್ಸು ಬಂತು, ಓಡಿದೆ. ಹಾಕಿದ್ನಲ್ಲ! ಗೋಧಿ ಬಿಟ್ಟು ಬಾರ್ಲಿ ಹಾಕಿದೆ. ಅದು ಬೇರೆ ಬೆಳೆ ಅಲ್ವಾ?"

ಅವಳ ಕೈಯಲ್ಲಿದ್ದ ಗಿಡಗಳು ಜಾರಿ ಕಾಲ ಮೇಲೆ ಬಿದ್ದವು. ಬೇರೆ ಬೆಳೆ ಎಂದರೆ ಕಡಲೆಯೋ ಸಾಸಿವೆಯೋ ಎಂದು ಅವಳಿಗೆ ಗೊತ್ತಿತ್ತು. ಇನ್ನೊಬ್ಬರಿಗೆ ಗೊತ್ತಿಲ್ಲದಿರಬಹುದು ಎಂಬುದು ಮಾತ್ರ ಅಂದು ಹೊಳೆದಿರಲಿಲ್ಲ. ಹೆಸರು ಹೇಳಲು ಎಷ್ಟು ಹೊತ್ತು ಬೇಕಿತ್ತು?

"ಅಲ್ಲ ಭಾವ," ಎಂದಳು. "ಈ ರೋಗಕ್ಕೆ ಗೋಧಿ, ಬಾರ್ಲಿ ಎರಡೂ ಅಣ್ಣತಮ್ಮಂದಿರ ಮನೆ. ಅಲ್ಲಿ ಉಂಡು ಇಲ್ಲಿ ಮಲಗುತ್ತೆ."

"ಆದರೆ ಬಾರ್ಲೀಲಿ ಒಂದು ಬಿಳಿ ತೆನೆ ಕಾಣಲಿಲ್ಲವಲ್ಲ! ರೋಗ ತೊಲಗ್ತು ಅಂದ್ಕೊಂಡೆ."

"ಬಾರ್ಲಿ ಬೇಗ ಬಲಿಯುತ್ತೆ. ನೆಲದ ತೇವ ಆರೋ ಮುಂಚೆ ಕಾಳು ಕಟ್ಟಿಬಿಡುತ್ತೆ, ಅದಕ್ಕೇ ಕಾಣಲಿಲ್ಲ. ರೋಗ ಒಳಗೇ ಇತ್ತು. ಕಟಾವಾದ ಮೇಲೆ ಉಳಿದ ಕೂಳೆಯಲ್ಲಿ ಕಾದಿತ್ತು."

ಭಾವ ಬದುವಿನ ಮೇಲೆ ಕೂತ. ಕಟಾವಿಗೆ ಇನ್ನು ಮೂರು ವಾರವಿತ್ತು. ಕೈಗೆ ಬಂದ ತುತ್ತು ಎದುರಿಗೇ ನಿಂತು ಗಾಳಿಗೆ ತೂಗುತ್ತಿತ್ತು.

"ಬೆಂಕಿ ಹಚ್ಚಿಬಿಡಲಾ?"

"ಮೇಲಿನದು ಸುಟ್ಟೀತು. ಮಣ್ಣೊಳಗಿನ ಬುಡ ಸುಡೋದಿಲ್ಲ. ಸರಿಯಾಗಿ ಕೇಳಿ ಭಾವ, ಈ ಸಲ ಪೂರ್ತಿ ಹೇಳ್ತೀನಿ. ಎರಡು ವರ್ಷ ಇಲ್ಲಿ ಗೋಧಿಯೂ ಬೇಡ, ಬಾರ್ಲಿಯೂ ಬೇಡ. ಮೊದಲು ಕಡಲೆ, ಆಮೇಲೆ ಸಾಸಿವೆ. ಹುಲ್ಲಿನ ಜಾತಿಯ ಕಳೆ ಒಂದೂ ಉಳೀಬಾರದು, ಅದರಲ್ಲೂ ಇದು ಬದುಕುತ್ತೆ. ಮತ್ತೆ ಗೋಧಿ ಹಾಕೋ ಮುಂಚೆ ಕೂಳೆ, ಮಣ್ಣು ಎರಡನ್ನೂ ನನಗೆ ಕಳಿಸಿ, ಪರೀಕ್ಷೆ ಮಾಡ್ತೀನಿ. ಬಿತ್ತುವಾಗ ಹಳೇ ಸಾಲಿನ ಮೇಲೆ ಬೇಡ, ಎರಡು ಸಾಲಿನ ನಡುವೆ. ಈಗ ನೀವು ಹೇಳಿ."

ಐವತ್ತು ದಾಟಿದ ಮನುಷ್ಯ ಪಾಠ ಒಪ್ಪಿಸುವವನಂತೆ ಹೇಳಿದ. ಕಡಲೆ. ಸಾಸಿವೆ. ಕಳೆ. ಪರೀಕ್ಷೆ. ಸಾಲಿನ ನಡುವೆ.

"ತಪ್ಪು ನನ್ನದು ಭಾವ."

"ಬಿಡು. ಯಾವ ಬೆಳೆ ಅಂತ ಒಂದು ಫೋನ್ ಮಾಡಿ ಕೇಳೋಕೆ ನನಗೇನಾಗಿತ್ತು?" ಎಂದವನು ಮಣ್ಣಿನ ಹೆಂಟೆಯೊಂದನ್ನು ಎತ್ತಿ ಪುಡಿ ಮಾಡಿದ. ಆಮೇಲೆ ಅವಳ ಕಡೆ ನೋಡದೆ ಹೇಳಿದ: "ಒಂದು ಮಾತಿದೆ. ಬಯ್ಯಬೇಡ. ನಮ್ಮ ಡಾಕ್ಟ್ರೇ ಹೇಳಿದ್ದು, ಗೋಧಿ ಆದ ಮೇಲೆ ಬಾರ್ಲಿ ಹಾಕಿ ಅಂತ... ನಾನು ನಾಲ್ಕು ಜನಕ್ಕೆ ಹೇಳಿದ್ದೆ."

"ಯಾರ್ಯಾರಿಗೆ?"

ಅವನು ತೋರಿಸುವ ಮೊದಲೇ ಅವಳು ಎದ್ದು ಬದುವಿನ ಆಚೆ ನೋಡಿದಳು. ಕಾಲುವೆಯ ಆ ಬದಿಯ ಹೊಲದಲ್ಲಿ ಅರ್ಧಕ್ಕರ್ಧ ತೆನೆ ಬೆಳ್ಳಗೆ ನಿಂತಿದ್ದವು. ಅದರ ಒಡತಿ, ಬಗ್ಗಿದ ಬೆನ್ನಿನ ಮುದುಕಿ, ಇವಳನ್ನು ಕಂಡು ಗುರುತು ಹಿಡಿದು, ಮಡಿಲಲ್ಲಿ ತೆನೆ ತುಂಬಿಕೊಂಡು ಸರಸರನೆ ಬಂದಳು. ಮುಖದ ತುಂಬ ನಗು.

"ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು ಮಗಳೇ! ನೋಡು, ಊರಲ್ಲಿ ಎಲ್ಲರದೂ ಇನ್ನೂ ಹಸಿರು, ನಮ್ಮದು ಆಗಲೇ ಹಣ್ಣಾಗಿದೆ!"