ಮಾತ್ರೆಗೆ ಹೋಗದ ಕಪ್ಪು

ಇದನ್ನು ಓದುವ ಮೊದಲು ನಿಮ್ಮ ಮನೆಯವರ ಮುಖವನ್ನೊಮ್ಮೆ ನೆನಪು ಮಾಡಿಕೊಳ್ಳಿ... ಆಮೇಲೆ ಓದಿ.

ದಾವಣಗೆರೆಯಲ್ಲಿ ಕೊಟ್ರೇಶಪ್ಪ ಅಂತ ಒಬ್ಬ ಪಾತ್ರೆ ವ್ಯಾಪಾರಿ. ಅಂಗಡಿಯಲ್ಲಿ ಪ್ರತಿಯೊಂದು ಕೊಡ, ಪ್ರತಿಯೊಂದು ತಟ್ಟೆ ಫಳಫಳ ಹೊಳೆಯಬೇಕು. ಒಂದು ಬೆರಳಿನ ಗುರುತು ಕಂಡರೂ ಸಿಡುಕು.

ಅಂಥ ಮನುಷ್ಯನ ಕಣ್ಣಿಗೆ ಚುಚ್ಚುತ್ತಿದ್ದುದು ಒಂದೇ... ಹೆಂಡತಿ ಸರ್ವಮಂಗಳಾಳ ಕಣ್ಣ ಕೆಳಗಿನ ಕಪ್ಪು.

ಅಣ್ಣನ ಮಗಳ ರಿಸೆಪ್ಷನ್‌ನಲ್ಲಿ ಬೀಗರೊಬ್ಬರು ಕೇಳಿಯೇಬಿಟ್ಟರು. "ಯಾಕ್ರೀ, ನಿಮ್ಮ ಮನೆಯೋರಿಗೆ ಆರಾಮಿಲ್ವಾ?"

ಕೊಟ್ರೇಶಪ್ಪನಿಗೆ ತಲೆ ತಗ್ಗಿಸುವಂತಾಯಿತು.

ಗ್ರೂಪ್ ಫೋಟೋಗೆ ನಿಂತಾಗ ಹೆಂಡತಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದ... "ನೀನು ಸ್ವಲ್ಪ ಹಿಂದಕ್ಕೆ ನಿಂತ್ಕೋ."

ಅವಳು ಸೆರಗು ಸರಿಮಾಡಿಕೊಂಡು ಯಾರದೋ ಬೆನ್ನ ಹಿಂದೆ ಹೋಗಿ ನಿಂತಳು.

ಅದಾದ ಮೇಲೆ ಮನೆಗೆ ವಿಟಮಿನ್ ಮಾತ್ರೆಗಳು ಬರಲು ಶುರುವಾದವು. ಮೊಬೈಲ್‌ನಲ್ಲಿ ಯಾರದೋ ವಿಡಿಯೋ ನೋಡಿ ತರಿಸಿದ್ದು. ವಿಟಮಿನ್ ಸಿ, ವಿಟಮಿನ್ ಇ, ಐರನ್... ಊಟದ ಟೇಬಲ್ ಮೇಲೆ ಒಂದು ಮೆಡಿಕಲ್ ಶಾಪೇ ಎದ್ದಿತು!

ದಿನಾ ತಿಂಡಿ ಆದ ಮೇಲೆ ತಾನೇ ಮಾತ್ರೆ ಕೊಡುತ್ತಿದ್ದ. ಆಮೇಲೆ ಅವಳ ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದ. ಪಾತ್ರೆಯ ತಳ ನೋಡಿದ ಹಾಗೆ.

"ಇನ್ನೂ ಹೋಗಿಲ್ವಲ್ಲೇ! ನುಂಗ್ತಾ ಇದ್ದೀಯೋ, ಇಲ್ಲಾ ತುಳಸಿ ಗಿಡದ ಬುಡಕ್ಕೆ ಹಾಕ್ತಿದ್ದೀಯೋ?"

"ನುಂಗ್ತಾ ಇದ್ದೀನ್ರೀ..."

ತಿಂಗಳುಗಳು ಕಳೆದವು. ಡಬ್ಬಿಗಳು ಖಾಲಿಯಾದವು. ಕಪ್ಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಇನ್ನೂ ಹೆಚ್ಚು ಪವರ್ ಇರುವ ಮಾತ್ರೆ ಬರೆಸೋಣ ಎಂದು, ಬ್ಲಡ್ ಟೆಸ್ಟ್ ಮಾಡಿಸಿ, ಒಂದು ಬೆಳಿಗ್ಗೆ ಡಾಕ್ಟರ ಬಳಿ ಕರೆದುಕೊಂಡು ಹೋದ.

ಕ್ಲಿನಿಕ್ ತುಂಬ ಜನ. ಬೆಣ್ಣೆ ದೋಸೆ ತಿಂದ ಹೊಟ್ಟೆ, ಮೇಲೆ ಫ್ಯಾನ್ ಗಾಳಿ... ಕೂತಲ್ಲೇ ಕೊಟ್ರೇಶಪ್ಪನಿಗೆ ಜೊಂಪು ಹತ್ತಿತು.

"ರೀ... ರೀ! ಉಸ್ರು ಬಿಡ್ರೀ!"

ಬೆಚ್ಚಿಬಿದ್ದು ಕಣ್ಣು ಬಿಟ್ಟ. ಹೆಂಡತಿ ಅವನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ಅವಳ ಇನ್ನೊಂದು ಕೈ ಅವನ ಮೂಗಿನ ಹತ್ತಿರ ಇತ್ತು. ಕೂತವರೆಲ್ಲ ಇವರನ್ನೇ ನೋಡುತ್ತಿದ್ದರು. ಯಾರೋ ಕಿಸಕ್ಕನೆ ನಕ್ಕರು.

"ನಾಕು ಜನದ ಮುಂದೆ ನನ್ನ ಮಾನ ತೆಗೀತೀಯಲ್ಲೇ!" ಹಲ್ಲು ಕಚ್ಚಿ ಅಂದ.

ಎದುರು ಬೆಂಚಿನ ಅಜ್ಜಿಯೊಬ್ಬಳು ಸುಮ್ಮನಿರಲಿಲ್ಲ.

"ಆಕಿಗ್ಯಾಕೆ ಬೈತೀಯಪ್ಪಾ? ಗೊರಕೆ ಹೊಡೀತಾ ಹೊಡೀತಾ ಗಪ್ಪಂತ ನಿಂತ್ಹೋತು. ಉಸ್ರೇ ಇಲ್ಲ! ನೋಡಿ ನನಗೇ ಕೈಕಾಲು ತಣ್ಣಗಾದ್ವು..."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಡಾಕ್ಟರಮ್ಮ ರಿಪೋರ್ಟ್ ನೋಡಿದರು. "ಎಲ್ಲಾ ಚೆನ್ನಾಗಿದೆ. ವಿಟಮಿನ್ ಏನೂ ಕಮ್ಮಿ ಇಲ್ಲ. ನಿದ್ದೆ ಹೇಗೆ ಬರುತ್ತಮ್ಮಾ?"

ಸರ್ವಮಂಗಳಾ ತಲೆ ಎತ್ತಲಿಲ್ಲ. ಕೊಟ್ರೇಶಪ್ಪನೇ ನಕ್ಕು ಉತ್ತರ ಕೊಟ್ಟ.

"ಮನೇಲೇ ಇರ್ತಾಳೆ ಮೇಡಂ... ಇವಳ ನಿದ್ದೆಗೇನು ಕಮ್ಮಿ?"

"ನಾನು ಕೇಳಿದ್ದು ಅವರನ್ನ."

ಸರ್ವಮಂಗಳಾ ಮೆಲ್ಲಗೆ ಬಾಯಿ ಬಿಟ್ಟಳು.

"ನಮ್ಮ ಮಾವನೋರು ಇವರ ಹಂಗೇ ಗೊರಕೆ ಹೊಡೀತಿದ್ರು ಮೇಡಂ. ಒಂದಿನ ಕಾಫಿ ತಗೊಂಡು ಹೋಗಿ ಎಬ್ಬಿಸಿದ್ರೆ... ಏಳಲೇ ಇಲ್ಲ. ಎಬ್ಬಿಸೋಕೆ ಹೋದೋಳು ನಾನೇ."

ಅವಳು ಗಂಡನ ಕಡೆ ಒಮ್ಮೆ ನೋಡಿದಳು.

"ಇವರದ್ದೂ ಹಂಗೇ ಉಸ್ರು ನಿಲ್ಲುತ್ತೆ. ನಿಂತಾಗೆಲ್ಲ ಮಗ್ಗುಲಿಗೆ ಹೊರಳಿಸ್ತೀನಿ. ಮತ್ತೆ ಬಂತಾ ಅಂತ ಮೂಗಿನ ಹತ್ರ ಕೈ ಹಿಡೀತೀನಿ... ಅಷ್ಟರಲ್ಲಿ ಬೆಳಕು ಹರಿದಿರುತ್ತೆ."

"ಅಯ್ಯೋ, ಇವರಿಗೆ ಹೇಳಬಾರದಿತ್ತಾ?"

"ಅಂಥ ಮಾತನ್ನ ಹೆಂಗೆ ಬಾಯಿಬಿಟ್ಟು ಹೇಳ್ಲಿ ಮೇಡಂ? ಅಸ್ತು ದೇವತೆಗಳು ತಿರುಗ್ತಾ ಇರ್ತಾರಂತೆ... ನಾನು ಅಂದಿದ್ದಕ್ಕೆ ಅಸ್ತು ಅಂದ್ಬಿಟ್ರೆ?"

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಎತ್ತಿ ತೋರಿಸಿದನಂತೆ ಒಬ್ಬ. ಕೊಟ್ರೇಶಪ್ಪ ಇಷ್ಟು ದಿನ ಮಾಡಿದ್ದು ಅದನ್ನೇ. ಯಾವ ಮುಖ ನೋಡಿ ನಾಚಿಕೊಂಡಿದ್ದನೋ, ಆ ಮುಖ ಹಾಗಾಗಿದ್ದು ಅವನಿಂದಲೇ... ಅವನಿಗಾಗಿಯೇ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು ಅವನಿಗೆ.

"ಔಷಧಿ ಬೇಕಾಗಿರೋದು ಇವರಿಗಲ್ಲ, ನಿಮಗೆ," ಅಂದರು ಡಾಕ್ಟರಮ್ಮ. "ನಿದ್ದೇಲಿ ಉಸಿರು ನಿಲ್ಲೋದು ಒಂದು ಕಾಯಿಲೆ. ಟ್ರೀಟ್‌ಮೆಂಟ್ ಇದೆ. ನಾಳೆಯೇ ಟೆಸ್ಟಿಗೆ ಬನ್ನಿ."

ಅವತ್ತು ಕೊಟ್ರೇಶಪ್ಪ ಅಂಗಡಿಗೆ ಹೋಗಲಿಲ್ಲ. ಮನೆಗೆ ಬಂದವನೇ ತಾನೇ ಹಾಸಿಗೆ ಬಿಡಿಸಿದ.

"ಮಲಿಕ್ಕೋ ಮಂಗಳಾ."

"ಈ ಹೊತ್ತಲ್ಲದ ಹೊತ್ತಿನಲ್ಲಾ? ನೀವೂ ಮಲಗಿಬಿಟ್ರೆ...?"

"ಇಲ್ಲ. ನಾನು ಎದ್ದಿರ್ತೀನಿ. ನಿನ್ನಾಣೆ."

ಅವಳು ಅವನನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ತಲೆ ಇಟ್ಟಳು... ಅಡುಗೆ ಏನು ಮಾಡಲಿ ಅಂತ ಕೇಳುತ್ತಾ ಕೇಳುತ್ತಾ ಮಾತಿನ ನಡುವೆಯೇ ನಿದ್ದೆ ಹೋದಳು.

ಕೊಟ್ರೇಶಪ್ಪ ಪಕ್ಕದಲ್ಲಿ ಕೂತು ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಮಲಗಿದ್ದನ್ನು ಅವನು ನೋಡಿದ್ದು ಅದೇ ಮೊದಲು.

ಅಳು ಒತ್ತರಿಸಿ ಬಂತು. ಸದ್ದಾದರೆ ಎಲ್ಲಿ ಎದ್ದುಬಿಡುತ್ತಾಳೋ ಎಂದು, ಟವೆಲ್ ಬಾಯಿಗೆ ಒತ್ತಿಕೊಂಡು ಅತ್ತ.

ನಮ್ಮವರ ಮುಖದಲ್ಲಿ ಕೊರತೆ ಹುಡುಕುವ ಮೊದಲು, ಆ ಕೊರತೆ ಯಾರಿಗಾಗಿ ಬಂತು ಎಂದು ಕೇಳಿಕೊಳ್ಳೋಣ.

ಇವತ್ತು ನೀವು ನೆಮ್ಮದಿಯಾಗಿ ಮಲಗುತ್ತೀರಲ್ಲ... ನಿಮಗಾಗಿ ಯಾರು ಎದ್ದಿರುತ್ತಾರೆ, ಗೊತ್ತಾ?